ವಜ್ರಮುಷ್ಟಿಯ ಕಟ್ಟಳೆ

ಗುದ್ದುವವನು ಕೈಯನ್ನು ಪೆಟ್ಟಿಗೆ ಪಳಗಿಸಬೇಕೇ, ಇಲ್ಲವೆ ಹೊದಿಸಿ ಕಾಪಾಡಬೇಕೇ? ಈ ಪ್ರಶ್ನೆ ಹಳೆಯದು. ಅಂಗೈಯ ಎಲುಬುಗಳು ಸಣ್ಣವು, ತಲೆಬುರುಡೆ ಗಟ್ಟಿ. ಬರಿಮುಷ್ಟಿಯಿಂದ ತಲೆಗೆ ಗುದ್ದಿದವನ ಕೈಯೇ ಮುರಿಯುವುದುಂಟು. ಆದುದರಿಂದ ಓಕಿನಾವಾ ದ್ವೀಪದ ಕರಾಟೆಯವರು ಹುಲ್ಲುಹಗ್ಗ ಸುತ್ತಿದ ಹಲಗೆಗೆ ನಿತ್ಯವೂ ಗುದ್ದಿ ಮುಷ್ಟಿಯನ್ನು ಗಡುಸುಗೊಳಿಸಿದರು. ಇಂಗ್ಲೆಂಡಿನವರು 1867ರ ಕ್ವೀನ್ಸ್‌ಬೆರಿ ನಿಯಮಗಳ ಮೂಲಕ ಮೆತ್ತನೆಯ ಕೈಗವಸನ್ನು ತೊಡಿಸಿದರು.

ನಮ್ಮ ನಾಡಿನ ದಾರಿ ಬೇರೆ. ಗುಡೂರಿನ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರವನ್ನೂ ಸಾಧನೆಯನ್ನೂ ವಿವರಿಸಿದ್ದಾನೆ. ವಿಜಯನಗರದ ಮಹಾನವಮಿಯಲ್ಲಿ ಮಲ್ಲರು ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಸೆಣಸುತ್ತಿದ್ದರೆಂದು 16ನೆಯ ಶತಮಾನದಲ್ಲಿ ಪೋರ್ಚುಗೀಸರ ನೂನಿಜ್ ಬರೆದಿಟ್ಟಿದ್ದಾನೆ. ಮೈಸೂರಿನ ಜೆಟ್ಟಿಗಳು ಬೆರಳುಗಳಿಗೆ ತೊಡುವ ಮೊನೆಗಳ ವಜ್ರಮುಷ್ಟಿಯು ಇದನ್ನೇ ನೆನಪಿಗೆ ತರುತ್ತದೆ.

ಕೈಗೆ ಆಯುಧ ಬಂದರೆ ಅಪಾಯ ಹೆಚ್ಚಲಿಲ್ಲವೇ? ಹೆಚ್ಚಿತು, ಅದಕ್ಕೇ ಕಟ್ಟಳೆ ಬಂದಿತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳು ಇಂದಿಗೂ ಸೆಣಸುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಎಷ್ಟೋ ಸಲ ಕೆಲವೇ ಕ್ಷಣಗಳ ಮಾತು.

ಕೈಗವಸಿನ ಕಥೆ ಇದಕ್ಕೆ ತಿರುಗುಮುರುಗು. ಅದು ಮೊದಲು ಕಾಯುವುದು ಹೊಡೆಯುವವನ ಕೈಯನ್ನು. ಕೈ ನೋಯದಿದ್ದರೆ ಅದೇ ತಲೆಗೆ ಮತ್ತೆ ಮತ್ತೆ ಗುದ್ದಬಹುದು. ಮುಷ್ಟಿಮಲ್ಲರ ಮಿದುಳಿನ ಬೇನೆಯನ್ನು ಅಮೆರಿಕದ ವೈದ್ಯ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ವರ್ಣಿಸಿದ್ದಾನೆ. ಕೈ ಉಳಿಯಿತು, ತಲೆ ಕೆಟ್ಟಿತು!

ಮಕ್ಕಳನ್ನು ಇಂಥ ವಿದ್ಯೆಗೆ ಕಳುಹಿಸುವ ಹಿರಿಯರು ಗುರುವನ್ನು ‘ಕೈಗೆ ಏನು ತೊಡಿಸುವಿರಿ?’ ಎಂದಷ್ಟೇ ಕೇಳಿದರೆ ಸಾಲದು. ‘ಆಟವನ್ನು ಯಾವಾಗ ನಿಲ್ಲಿಸುವಿರಿ?’ ಎಂದೂ ಕೇಳಬೇಕು.