ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಜೋಳದ ಸಂಗ್ರಹ ಮತ್ತು ಬೂಷ್ಟಿನ ವಿಷ: ಒಂದು ಚಾರಿತ್ರಿಕ ವಿವೇಚನೆ

ಆಹಾರದಲ್ಲಿ ವಿಷವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಹೊಳೆಯುವುದು ವ್ಯಾಪಾರಿಯ ಕಲಬೆರಕೆ. ಆದರೆ ಯಾರ ದುರುದ್ದೇಶವೂ ಇಲ್ಲದೆ ಮಳೆ, ತೇವ, ಶಿಲೀಂಧ್ರ, ಬ್ಯಾಕ್ಟೀರಿಯಗಳಿಂದ ತಾನಾಗಿಯೇ ಹುಟ್ಟುವ ವಿಷವು ಕಲಬೆರಕೆಗಿಂತಲೂ ಪುರಾತನವಾದುದು. ಒಕ್ಕಲುತನವು ಎಷ್ಟು ಹಳೆಯದೋ ಅದೂ ಅಷ್ಟೇ ಹಳೆಯದು. ಇಂದು ಕಾರ್ಖಾನೆಯ ಪೊಟ್ಟಣದಲ್ಲಿ ಇಂತಹ ದೋಷವು ಕಂಡುಬಂದರೆ ಆ ಸರಕನ್ನು ಅಂಗಡಿಗಳಿಂದಲೂ ಕೊಂಡವರ ಮನೆಗಳಿಂದಲೂ ಹಿಂದಕ್ಕೆ ಪಡೆಯುವ ಕ್ರಮವುಂಟು. ತನ್ನ ಹೊಲದ ಜೋಳವನ್ನು ತಾನೇ ಬೆಳೆದು, ತಾನೇ ಕೂಡಿಟ್ಟು, ತಾನೇ ಉಣ್ಣುವ ಮನೆಯಿಂದ ಕೆಟ್ಟ ಕಾಳನ್ನು ಹಿಂದಕ್ಕೆ ಪಡೆಯುವವರು ಯಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಈಗಿನ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಕಾಳಿನ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಭೂಮಿ ಮತ್ತು ಋತು

ಈ ಮೂರು ಊರುಗಳ ಸೀಮೆಯು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದಿತು. ನರಗುಂದ ಮತ್ತು ರೋಣದ ಬಹುಭಾಗವು ಎರೆಯ ಭೂಮಿ. ಗಜೇಂದ್ರಗಡದ ಗುಡ್ಡಗಳತ್ತ ಸರಿದಂತೆ ಮಸಾರಿ ಭೂಮಿಯು ಹೆಚ್ಚಾಗಿ ಕಾಣುತ್ತದೆ. ಮಸಾರಿಯಲ್ಲಿ ಮುಂಗಾರಿನ ಸಜ್ಜೆ, ಶೇಂಗಾಗಳು ಬೆಳೆದರೆ, ಎರೆಯಲ್ಲಿ ಹಿಂಗಾರಿ ಜೋಳವೇ ಪ್ರಧಾನವಾದ ಆಹಾರಧಾನ್ಯವಾಗಿತ್ತು. ಮಳೆಗಾಲದ ಕೊನೆಯಲ್ಲಿ ಬಿತ್ತನೆ. ನೆಲವು ಹಿಡಿದಿಟ್ಟ ಹಸಿ ಮತ್ತು ಚಳಿಗಾಲದ ಇಬ್ಬನಿಯ ಬಲದಿಂದ ಬೆಳವಣಿಗೆ. ಜನವರಿ, ಫೆಬ್ರುವರಿಗಳ ಒಣಹವೆಯಲ್ಲಿ ಕೊಯ್ಲು.

ಈ ಕ್ರಮದ ಒಂದು ಗುಣವನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿದಂತಿಲ್ಲ. ಹಿಂಗಾರಿ ಜೋಳದ ತೆನೆಯು ಹಾಲುಗಾಳು ಕಳೆದು ಬಲಿಯುವ ವೇಳೆಗೆ ಮೋಡವಿರುವುದಿಲ್ಲ. ಕಣದ ಮೇಲಿನ ರಾಶಿಗೆ ಸಾಮಾನ್ಯವಾಗಿ ಮಳೆಯ ಭಯವಿರುವುದಿಲ್ಲ. ಶಿಲೀಂಧ್ರವು ಬೇರೂರಲು ಬೇಕಾದ ತೇವವೇ ಅಲ್ಲಿ ಇಲ್ಲ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ರೂಢಿಗೆ ತಂದ ಮಾಲದಂಡಿ ಜೋಳವು ಇಂತಹ ಭೂಮಿಗೆ ಹೊಂದಿಕೊಂಡ ತಳಿಯಾಗಿ ಪ್ರಸಿದ್ಧವಾಯಿತು. ಬಿಳಿಯ ಮುತ್ತಿನಂತಹ ಅದರ ಕಾಳನ್ನು ಜನರು ರುಚಿಗಾಗಿ ಮೆಚ್ಚಿದರು. ಆ ಬಿಳುಪು ಕಾಳಿನ ಆರೋಗ್ಯದ ಕುರುಹೂ ಆಗಿತ್ತು. ಬೂಷ್ಟು ಹಿಡಿದ ಕಾಳು ಕಪ್ಪಾಗಿ, ಬೂದುಬಣ್ಣಕ್ಕೆ ತಿರುಗಿ, ಕೆಲವೊಮ್ಮೆ ನಸುಗೆಂಪಾಗಿ ಮೊದಲ ನೋಟಕ್ಕೇ ಬೇರೆಯಾಗಿ ತೋರುತ್ತಿತ್ತು. ಋತುವೇ ಇಲ್ಲಿ ಮೊದಲನೆಯ ಕಾವಲುಗಾರನಾಗಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

೨. ಹಗೇವು

ಎರಡನೆಯ ಕಾವಲು ಹಗೇವು. ಬಡಗಣ ಕರ್ನಾಟಕದ ಹಳ್ಳಿಗಳಲ್ಲಿ ಎತ್ತರವಾದ ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಒಡಲು ಹಿರಿದಾಗಿರುವ ಈ ನೆಲಗುಣಿಗಳಲ್ಲಿ ಜೋಳವನ್ನು ವರ್ಷಗಟ್ಟಲೆ ಕಾಯ್ದಿಡುತ್ತಿದ್ದರು. ತಳಕ್ಕೂ ಸುತ್ತಲಿನ ಗೋಡೆಗೂ ಹುಲ್ಲನ್ನು ಒತ್ತಿ, ಒಣಗಿದ ಕಾಳನ್ನು ತುಂಬಿ, ಬಾಯಿಗೆ ಕಲ್ಲುಹಾಸನ್ನು ಮುಚ್ಚಿ, ಮಣ್ಣಿನಿಂದ ಮೆತ್ತುವುದು ವಾಡಿಕೆ. ಕಾಳು ಮತ್ತು ಹುಳುಗಳ ಉಸಿರಾಟದಿಂದ ಒಳಗಿನ ಆಮ್ಲಜನಕವು ಕಡಮೆಯಾಗಿ ಇಂಗಾಲದ ಡೈಆಕ್ಸೈಡು ತುಂಬುವುದರಿಂದ ಹುಳು ಸಾಯುತ್ತದೆ, ಬೂಷ್ಟು ಬೆಳೆಯದು. ಇಂದಿನ ವಿಜ್ಞಾನವು ಗಾಳಿಯಾಡದ ಚೀಲಗಳಿಂದ ಸಾಧಿಸುವುದನ್ನು ನಮ್ಮ ಹಿರಿಯರು ಮಣ್ಣಿನಿಂದ ಸಾಧಿಸಿದ್ದರು. ಅದೇ ಗಾಳಿಯು ಮನುಷ್ಯನಿಗೂ ಮಾರಕವಾದುದರಿಂದ, ಹಗೇವನ್ನು ತೆರೆದು ಕೆಲಕಾಲ ಬಿಟ್ಟು, ದೀಪವನ್ನು ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುವ ಎಚ್ಚರಿಕೆಯು ರೂಢಿಯಲ್ಲಿದ್ದಿತು. ಈ ಎಚ್ಚರ ತಪ್ಪಿದಾಗ ಜೀವಹಾನಿಯಾದುದೂ ಉಂಟು.

ಹಗೇವು ನಿರ್ದೋಷವಾದುದೆಂದು ನಾವು ಹೇಳುವುದಿಲ್ಲ. ಗೋಡೆಯಿಂದ ಹಸಿ ಒಸರಿದರೆ ಅಂಚಿನ ಕಾಳು ಗಂಟುಗಟ್ಟಿ ಮುಗ್ಗುತ್ತದೆ. ಆದುದರಿಂದ ಮೂರನೆಯ ಕಾವಲೊಂದು ಅವಶ್ಯವಾಗಿತ್ತು. ಅದೇ ಮನೆಯ ಹೆಣ್ಣುಮಕ್ಕಳ ಕಣ್ಣು ಮತ್ತು ಮೊರ. ಮುಗ್ಗಿದ ಕಾಳನ್ನು ಮೂಗಿನಿಂದ ಗುರುತಿಸಿ, ಜೊಳ್ಳನ್ನು ಕೇರಿ, ಬಣ್ಣಗೆಟ್ಟುದನ್ನು ಆಯ್ದು ಹಸನು ಮಾಡುವ ಈ ಕೆಲಸವನ್ನು ಚರಿತ್ರೆಯ ದಾಖಲೆಗಳು ಹೆಸರಿಸುವುದಿಲ್ಲ. ಆದರೆ ಶಿಲೀಂಧ್ರದ ವಿಷವು ಹೆಚ್ಚಾಗಿ ಹಗುರವಾದ, ಮುರಿದ, ಬಣ್ಣಗೆಟ್ಟ ಕಾಳುಗಳಲ್ಲಿಯೇ ಸೇರಿರುವುದೆಂದು ಆಧುನಿಕ ಸಂಶೋಧನೆಯು ತೋರಿಸಿಕೊಟ್ಟಿರುವುದರಿಂದ, ಆ ಮೊರದ ಕೆಲಸವು ನಿಜವಾದ ಅರ್ಥದಲ್ಲಿ ವಿಷನಿವಾರಣೆಯೇ ಆಗಿದ್ದಿತು.

೩. ವಿಷದ ಪರಿಜ್ಞಾನ

ಕೆಟ್ಟ ಕಾಳು ಕೆಡುಕನ್ನು ಮಾಡುವುದೆಂಬುದು ಜನರಿಗೆ ತಿಳಿದಿದ್ದರೂ, ಕೆಡುಕಿನ ಕಾರಣವು ತಿಳಿದುದು ಈಚೆಗೆ. ಐರೋಪ್ಯ ದೇಶಗಳಲ್ಲಿ ರೈ ಧಾನ್ಯದ ತೆನೆಗೆ ತಗುಲುವ ಅರ್ಗಟ್ ಎಂಬ ಶಿಲೀಂಧ್ರವು ಮಧ್ಯಯುಗದಲ್ಲಿ ಅನೇಕ ಜನರ ಕೈಕಾಲುಗಳನ್ನು ಕೊಳೆಯಿಸಿ ಕೊಂದಿತು. ನಮ್ಮ ಸಜ್ಜೆಗೂ ಅದರ ಜಾತಿಯ ಇನ್ನೊಂದು ಶಿಲೀಂಧ್ರವು ತಗುಲುತ್ತದೆ. ತೆನೆಯಿಂದ ಜೇನಿನಂತಹ ಅಂಟುರಸವು ಒಸರಿ, ಅನಂತರ ಕಾಳಿನ ಸ್ಥಾನದಲ್ಲಿ ಕಪ್ಪುಗಂಟು ಕಟ್ಟುತ್ತದೆ. ೧೯೭೫ರಲ್ಲಿ ರಾಜಸ್ಥಾನದಲ್ಲಿ ಇಂತಹ ಸಜ್ಜೆಯನ್ನು ತಿಂದವರಿಗೆ ವಾಂತಿ, ತಲೆಸುತ್ತು, ಮಂಪರು ಉಂಟಾದುವು. ಉಪ್ಪುನೀರಿನಲ್ಲಿ ಕಾಳನ್ನು ಹಾಕಿದರೆ ಈ ಗಂಟುಗಳು ತೇಲಿಬರುತ್ತವೆ. ಒಳ್ಳೆಯ ಕಾಳು ತಳದಲ್ಲಿ ನಿಲ್ಲುತ್ತದೆ.

೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತಾಗ, ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯಿಂದ ಆಫ್ಲಟಾಕ್ಸಿನ್ ಎಂಬ ವಿಷವು ಬೆಳಕಿಗೆ ಬಂದಿತು. ಇದು ಯಕೃತ್ತಿಗೆ ಹಾನಿಯನ್ನೂ ಕ್ಯಾನ್ಸರನ್ನೂ ಉಂಟುಮಾಡುವಂಥದು. ೧೯೭೪ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಾಲ ಜಿಲ್ಲೆಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನುಂಡು ೩೯೭ ಜನರು ಕಾಮಾಲೆಗೆ ತುತ್ತಾಗಿ, ಅವರಲ್ಲಿ ೧೦೬ ಜನರು ಮೃತರಾದರು. ಶೇಂಗಾ ಮತ್ತು ಗೋವಿನಜೋಳಗಳೆರಡನ್ನೂ ಬೆಳೆಯುವ ನಮ್ಮ ಸೀಮೆಗೆ ಈ ಸಂಗತಿಗಳು ದೂರದ ವಾರ್ತೆಗಳಲ್ಲ.

ಇಲ್ಲೊಂದು ಭೇದವನ್ನು ಮನಗಾಣಬೇಕು. ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಕುದಿಸುವುದರಿಂದ ಸಾಯುತ್ತವೆ. ಬಿಸಿಯಾದ ಅಡುಗೆಯನ್ನು ಆಗಲೇ ಉಣ್ಣುವ ಪದ್ಧತಿಯು ಅವುಗಳಿಂದ ತಕ್ಕಮಟ್ಟಿಗೆ ರಕ್ಷಣೆಯನ್ನು ನೀಡುತ್ತದೆ. ಶಿಲೀಂಧ್ರದ ವಿಷವಾದರೋ ರೊಟ್ಟಿಯ ಹೆಂಚಿನ ಕಾವಿಗೆ ನಾಶವಾಗದು. ಶಿಲೀಂಧ್ರವು ಸತ್ತರೂ ಅದು ಬಿಟ್ಟುಹೋದ ವಿಷವು ಹಿಟ್ಟಿನಲ್ಲಿ ಉಳಿಯುತ್ತದೆ. ಬೆಂಕಿಯನ್ನು ನಂಬಿದ ಅಡುಗೆಮನೆಗೆ ಇದು ಹೊಸಬಗೆಯ ಶತ್ರು.

೪. ಕಾವಲು ಸಡಿಲಿದ ಬಗೆ

೧೯೬೪ರಲ್ಲಿ ಭಾರತದ ಮೊದಲನೆಯ ಹೈಬ್ರಿಡ್ ಜೋಳವಾದ ಸಿ. ಎಸ್. ಎಚ್. ೧ ಬಿಡುಗಡೆಯಾಯಿತು. ಇಳುವರಿಯು ಹೆಚ್ಚು, ಅವಧಿಯು ಕಡಮೆ. ಬರಗಾಲಗಳನ್ನು ಕಂಡ ಜನರಿಗೆ ಇದು ವರವಾಗಿ ತೋರಿದುದು ಸಹಜವೇ. ೧೮೭೬-೭೮ರ ಮಹಾಕ್ಷಾಮದ ನೆನಪನ್ನು ಹೊತ್ತ ಧಾರವಾಡ ಸೀಮೆಯಲ್ಲಿ ಹೆಚ್ಚು ಕಾಳನ್ನು ಬೇಡವೆನ್ನುವವರು ಯಾರು? ಆದರೆ ಬೇಗ ಬಲಿಯುವ ಮುಂಗಾರಿ ಹೈಬ್ರಿಡ್ ಜೋಳದ ತೆನೆಯು ಮಳೆ ನಿಲ್ಲುವ ಮೊದಲೇ ಮಾಗುತ್ತದೆ. ಒಂದು ವಾರ ಜಡಿಮಳೆ ಹಿಡಿದರೆ ಕಾಳು ನಿಂತ ತೆನೆಯಲ್ಲಿಯೇ ಕಪ್ಪಾಗುತ್ತದೆ. ಬಡಗಣ ಹಳ್ಳಿಗಳ ಹಳೆಯ ಕಾವಲಾದ ಋತುವು ಹೀಗೆ ಸಡಿಲಿತು.

ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ, ೧೯೭೦ರ ದಶಕದಲ್ಲಿ ಕಾಲುವೆಯ ನೀರು ನರಗುಂದ ನವಲಗುಂದಗಳ ಎರೆಯನ್ನು ಮುಟ್ಟಿತು. ಆ ನೀರಿನ ಕರದ ವಿಷಯವಾಗಿ ೧೯೮೦ರ ಜುಲೈ ೨೧ರಂದು ನರಗುಂದದಲ್ಲಿ ನಡೆದ ರೈತಬಂಡಾಯವು ಸುಪ್ರಸಿದ್ಧವಾದುದು. ಬಂಡಾಯದ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಅದೇ ನೀರಿನೊಡನೆ ಬೆಳೆಯ ಕಾಲಮಾನವೂ ಬದಲಾಗಿ, ಗೋವಿನಜೋಳದಂತಹ ಬೆಳೆಗಳು ಹೆಚ್ಚಿ, ಕಣದಲ್ಲಿ ಹಸಿಕಾಳು ಬಂದು ಬೀಳತೊಡಗಿದುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇತ್ತ ಹಗೇವುಗಳೂ ಒಂದೊಂದಾಗಿ ಹಾಳುಬಿದ್ದು, ಕಾಳು ಚೀಲಗಳಲ್ಲಿ ಮನೆಯ ಮೂಲೆಯನ್ನು ಸೇರಿತು.

ಈ ಬದಲಾವಣೆಯ ಪರಿಣಾಮವು ಎಂತಹದಾಗಬಹುದೆಂಬುದಕ್ಕೆ ೧೯೯೫ರ ಘಟನೆಯು ಸಾಕ್ಷಿಯಾಗಿದೆ. ಅದು ನಮ್ಮ ಮೂರು ಊರುಗಳಲ್ಲಿ ನಡೆದುದೆಂದು ನಾವು ಹೇಳುತ್ತಿಲ್ಲ. ಆದರೆ ಇದೇ ದಖ್ಖನ್ ಪ್ರಸ್ಥಭೂಮಿಯಲ್ಲಿ, ಇದೇ ರೊಟ್ಟಿಯನ್ನುಣ್ಣುವ ಜನರಲ್ಲಿ ನಡೆದುದು. ಅಕಾಲದ ಮಳೆಯಿಂದ ಹೊಲದಲ್ಲಿಯೇ ಜೋಳ, ಗೋವಿನಜೋಳಗಳು ನೆನೆದು ಬೂಷ್ಟು ಹಿಡಿದುವು. ಆ ಕಾಳಿನ ರೊಟ್ಟಿಯನ್ನುಂಡವರಿಗೆ ಹೊಟ್ಟೆನೋವು, ಹೊಟ್ಟೆಯ ಗುಡುಗುಡು ಸದ್ದು, ಭೇದಿ ಕಾಣಿಸಿಕೊಂಡುವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ರಮೇಶ್ ವಿ. ಭಟ್ ಮತ್ತು ಅವರ ಸಹೋದ್ಯೋಗಿಗಳು ಸಮೀಕ್ಷೆ ಮಾಡಿದ ೫೦ ಹಳ್ಳಿಗಳಲ್ಲಿ ೨೭ ಹಳ್ಳಿಗಳು ಬಾಧೆಗೊಳಗಾಗಿದ್ದುವು. ರೋಗಪೀಡಿತರ ಸಂಖ್ಯೆ ೧೪೨೪. ಪೀಡಿತರ ಮನೆಗಳ ಕಾಳಿನಲ್ಲಿ ಫ್ಯುಮೋನಿಸಿನ್ ಎಂಬ ವಿಷವು ದೊರೆಯಿತು: ಜೋಳದಲ್ಲಿ ಕಿಲೋಗ್ರಾಮಿಗೆ ೦.೧೪ರಿಂದ ೭.೮ ಮಿಲಿಗ್ರಾಮಿನವರೆಗೆ, ಗೋವಿನಜೋಳದಲ್ಲಿ ೦.೨೫ರಿಂದ ೬೪.೭ ಮಿಲಿಗ್ರಾಮಿನವರೆಗೆ. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ೧೯೮೮ರಲ್ಲಷ್ಟೇ ಬೇರ್ಪಡಿಸಿ ಹೆಸರಿಟ್ಟಿದ್ದ ವಿಷ ಇದು. ಆ ಕಾಳನ್ನು ಉಣ್ಣುವುದನ್ನು ಬಿಟ್ಟೊಡನೆ ಜನರು ಗುಣಹೊಂದಿದರು.

ಕಪ್ಪಾದ ಕಾಳು ಕಣ್ಣಿಗೆ ಕಾಣದೆ ಹೋಗಲಿಲ್ಲ. ಮುಗ್ಗಿದ ವಾಸನೆಯು ಮೂಗಿಗೆ ತಿಳಿಯದೆ ಹೋಗಲಿಲ್ಲ. ಹೀಗಿದ್ದೂ ಉಂಡುದೇಕೆ? ಮೊರದಿಂದ ಆಯ್ದು ತೆಗೆಯುವುದು ರಾಶಿಯಲ್ಲಿ ಕೆಟ್ಟುದು ಅಲ್ಪವಾಗಿರುವಾಗ ಮಾತ್ರ ಸಾಧ್ಯ. ರಾಶಿಯೆಲ್ಲವೂ ಕೆಟ್ಟಿರುವಾಗ ಆಯುವುದೆಂದರೆ ವರ್ಷದ ಅನ್ನವನ್ನೇ ಚೆಲ್ಲುವುದಾಗುತ್ತದೆ. ಬೇರೆ ಕಾಳನ್ನು ಕೊಳ್ಳುವ ಶಕ್ತಿಯಿಲ್ಲದವನಿಗೆ ತಿಳಿವಳಿಕೆಯೊಂದೇ ಕಾವಲಾಗದು ಎಂಬುದು ನಮ್ಮ ಅಭಿಪ್ರಾಯ.

೫. ಕಾನೂನು ಮತ್ತು ಹಿಂದಕ್ಕೆ ಪಡೆಯುವ ಕ್ರಮ

೧೯೫೪ರ ಆಹಾರ ಕಲಬೆರಕೆ ನಿವಾರಣಾ ಶಾಸನವು ಮುಖ್ಯವಾಗಿ ಅಪರಾಧಿಯನ್ನು ದಂಡಿಸುವ ದೃಷ್ಟಿಯದು. ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಶಾಸನವು ಇದನ್ನು ದಾಟಿ, ಅಸುರಕ್ಷಿತವಾದ ಸರಕನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವ ಹೊಣೆಯನ್ನು ಉತ್ಪಾದಕನ ಮೇಲೆಯೇ ಹೊರಿಸಿತು. ಅದರ ಕಾರ್ಯವಿಧಾನಕ್ಕೆ ೨೦೧೭ರಲ್ಲಿ ನಿಯಮಗಳಾದುವು. ಈ ಕ್ರಮದ ಶಕ್ತಿಯನ್ನು ಹೊರದೇಶದ ಒಂದು ನಿದರ್ಶನವು ತೋರಿಸುತ್ತದೆ. ೨೦೦೮-೦೯ರಲ್ಲಿ ಅಮೆರಿಕದ ಒಂದು ಶೇಂಗಾ ಕಾರ್ಖಾನೆಯ ಸರಕಿನಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಸೇರಿ ೭೧೪ ಜನರು ಕಾಯಿಲೆಬಿದ್ದರು, ೯ ಜನರು ಸತ್ತರು. ಆ ಶೇಂಗಾ ಬೆರೆತಿದ್ದ ೩೯೦೦ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಹಿಂದಕ್ಕೆ ಪಡೆಯಲಾಯಿತು. ಪ್ರತಿಯೊಂದು ಪೊಟ್ಟಣಕ್ಕೂ ಹೆಸರು, ತಾರೀಖು, ತಂಡದ ಸಂಖ್ಯೆ ಇದ್ದುದರಿಂದಲೇ ಇದು ಸಾಧ್ಯವಾಯಿತು.

ರೋಣದ ಸಂತೆಗೆ ಬರುವ ಜೋಳದ ಚೀಲಕ್ಕೆ ಅಂತಹ ಗುರುತಿಲ್ಲ. ಮನೆಯಲ್ಲಿಯೇ ಉಳಿದ ಚೀಲಕ್ಕಂತೂ ಇಲ್ಲವೇ ಇಲ್ಲ. ಅಲ್ಲಿ ಉತ್ಪಾದಕನೂ ಉಣ್ಣುವವನೂ ಒಬ್ಬನೇ ಆದುದರಿಂದ, ಹಿಂದಕ್ಕೆ ಪಡೆಯುವವನೂ ಕೊಡುವವನೂ ಅವನೇ ಆಗುತ್ತಾನೆ. ಕಾರ್ಖಾನೆಯ ಸರಕನ್ನು ಹಿಂದಿರುಗಿಸಿದವನಿಗೆ ಹಣವು ಮರಳುತ್ತದೆ. ತನ್ನ ಕಾಳನ್ನು ತಿಪ್ಪೆಗೆ ಸುರಿದವನಿಗೆ ಮರಳುವುದು ಹಸಿವು ಮಾತ್ರ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ಈ ಸೀಮೆಯಲ್ಲಿ ಋತು, ಹಗೇವು, ಮೊರಗಳೆಂಬ ಮೂರು ಕಾವಲುಗಳು ಒಂದನ್ನೊಂದು ಆಧರಿಸಿಕೊಂಡು ಬಹುಕಾಲ ನಿಂತಿದ್ದುವು. ಹೊಸ ಬೆಳೆಯೂ ಹೊಸ ನೀರೂ ಮೊದಲೆರಡನ್ನು ಸಡಿಲಿಸಿದುವು. ಅವುಗಳ ಸ್ಥಾನವನ್ನು ತುಂಬಬೇಕಾದ ಕಾನೂನು ಪೊಟ್ಟಣದ ಆಹಾರಕ್ಕೆ ತಲುಪಿತೇ ಹೊರತು ಮನೆಯ ಕಾಳಿಗೆ ತಲುಪಲಿಲ್ಲ. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಮಲಪ್ರಭೆಯ ಪ್ರವಾಹವು ಕೊಣ್ಣೂರು, ಹೊಳೆಆಲೂರುಗಳ ಸುತ್ತಿನ ಹಳ್ಳಿಗಳನ್ನು ಹೊಕ್ಕಾಗ ಈ ಪ್ರಶ್ನೆಯು ಮತ್ತೆ ಎದ್ದು ನಿಂತಿತು. ಮನೆಯೊಳಗೆ ನೆನೆದ ಕಾಳನ್ನು ಒಣಗಿಸಿ ಉಣ್ಣಬೇಕೇ, ಚೆಲ್ಲಬೇಕೇ?

ಇದಕ್ಕೆ ಉತ್ತರವು ಉಪದೇಶದಲ್ಲಿಲ್ಲ. ಹಳೆಯ ಕಾಲಕ್ಕೆ ಮರಳಿ ಹಗೇವು ತೋಡಿರೆಂದು ಹೇಳುವುದೂ ನಮ್ಮ ಅಭಿಪ್ರಾಯವಲ್ಲ. ನೆನೆದ ಕಾಳನ್ನು ಕೊಟ್ಟವನಿಗೆ ಅಷ್ಟೇ ತೂಕದ ಒಳ್ಳೆಯ ಕಾಳನ್ನು ಬದಲಾಗಿ ಕೊಡುವ ವ್ಯವಸ್ಥೆಯೇ ಹಳ್ಳಿಯ ಮಟ್ಟಿಗೆ ಹಿಂದಕ್ಕೆ ಪಡೆಯುವ ಕ್ರಮದ ನಿಜವಾದ ಅರ್ಥ. ಅದು ಇಲ್ಲದಿರುವವರೆಗೆ ವಿಷದ ಹೆಸರು ತಿಳಿದೂ ಅದನ್ನುಣ್ಣುವ ಪ್ರಸಂಗವು ತಪ್ಪದು. ಕಾಳಿನ ಚರಿತ್ರೆಯನ್ನು ಬರೆಯುವವರು ಇಳುವರಿಯ ಅಂಕಿಗಳೊಡನೆ ಕೆಟ್ಟ ಕಾಳಿನ ಕಥೆಯನ್ನೂ ಕೂಡಿಸಿ ಬರೆಯಬೇಕಾದುದು ಅವಶ್ಯವೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.