ಆಸ್ತಿ, ಹೆಸರು ಮತ್ತು ಒಂದು ಪುಟ್ಟ ಮನೆ

ಜೇನ್ ಆಸ್ಟೆನ್‌ಳ ಕಾದಂಬರಿಗಳಲ್ಲಿ ಮದುವೆಯ ಮಾತಿನಷ್ಟೇ ಆಸ್ತಿಯ ಮಾತೂ ಏಕೆ ಬರುತ್ತದೆಂದು ಓದಿದವರು ಕೇಳುವುದುಂಟು. ಉತ್ತರವು ಆಕೆಯ ಮನೆತನದ ಚರಿತ್ರೆಯಲ್ಲಿಯೇ ಇದೆ.

ಇಂಗ್ಲೆಂಡಿನ ಹಳ್ಳಿಗಾಡಿನ ಜಮೀನ್ದಾರಿಗೆ ‘ಮ್ಯಾನರ್’ ಎಂದು ಹೆಸರು. ಭೂಮಿ ಹರಿದು ಹಂಚಿಹೋಗದಂತೆ ಅದನ್ನು ಒಬ್ಬನೇ ವಾರಸುದಾರನಿಗೆ, ಸಾಮಾನ್ಯವಾಗಿ ಹಿರಿಯ ಮಗನಿಗೆ, ಉಳಿಸುವುದು ಅಲ್ಲಿನ ಸಿರಿವಂತರ ರೂಢಿ. ಗಂಡುಸಂತಾನವಿಲ್ಲದಿದ್ದರೆ ದೂರದ ಬಂಧುವಿಗೂ ಆಸ್ತಿ ದೊರೆಯುತ್ತಿತ್ತು. ಆದರೆ ಎಷ್ಟೋ ವೇಳೆ ಆತನು ಆ ಮನೆತನದ ಹೆಸರನ್ನು ಧರಿಸಬೇಕಾಗಿತ್ತು. ಕೆಂಟ್ ಪ್ರಾಂತ್ಯದ ಥಾಮಸ್ ಬ್ರಾಡ್ನಾಕ್ಸ್ ಎಂಬವನು 1727ರಲ್ಲಿ ಒಂದು ಆಸ್ತಿಗಾಗಿ ‘ಮೇ’ ಆದನು. 1738ರಲ್ಲಿ ಚಾಟನ್ ಆಸ್ತಿಗಾಗಿ ‘ನೈಟ್’ ಆದನು.

ಈತನ ಮಗ, ಎರಡನೆಯ ಥಾಮಸ್ ನೈಟ್, ಮಕ್ಕಳಿಲ್ಲದವನು. ಅವನೂ ಪತ್ನಿ ಕ್ಯಾಥರೀನಳೂ ದೂರದ ಬಂಧುವಾದ ಪಾದ್ರಿ ಜಾರ್ಜ್ ಆಸ್ಟೆನ್‌ನ ಮಗ, ಜೇನಳ ಅಣ್ಣ ಎಡ್ವರ್ಡನನ್ನು ಸಾಕಿಕೊಂಡರು. ದತ್ತು ಸ್ವೀಕಾರದ ಕಾನೂನು ಇಂಗ್ಲೆಂಡಿಗೆ ಬಂದದ್ದು 1926ರಲ್ಲಿ. ಆದ್ದರಿಂದ ಎಡ್ವರ್ಡನ ಹಕ್ಕೆಲ್ಲ ಉಯಿಲನ್ನೇ ಆಧರಿಸಿತ್ತು. 1794ರಲ್ಲಿ ಥಾಮಸ್ ತೀರಿಕೊಂಡಾಗ ಆಸ್ತಿಯು ಕ್ಯಾಥರೀನಳ ಜೀವಿತಾವಧಿಗೆ ಅವಳದು, ಅನಂತರ ಎಡ್ವರ್ಡನದು ಎಂದಾಯಿತು. ಮೂರೇ ವರ್ಷಗಳ ಬಳಿಕ ಆಕೆ ವರ್ಷಕ್ಕೆ 2,000 ಪೌಂಡುಗಳನ್ನು ತನಗೆ ಇರಿಸಿಕೊಂಡು ಉಳಿದುದನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಳು. 1812ರಲ್ಲಿ ಆಕೆ ತೀರಿಕೊಂಡಾಗ ಎಡ್ವರ್ಡನ ಸಂಸಾರವೆಲ್ಲ ‘ನೈಟ್’ ಆಯಿತು. ಹಿರಿಯ ಮಗಳು ಫ್ಯಾನಿ ಈ ಹೊಸ ಹೆಸರಿನ ಬಗ್ಗೆ ತನ್ನ ದಿನಚರಿಯಲ್ಲಿ ಸಿಡಿಮಿಡಿಗೊಂಡಿದ್ದಾಳೆ.

ಹೆಣ್ಣುಮಕ್ಕಳ ಪಾಡೇನು? 1805ರಲ್ಲಿ ತಂದೆ ಗತಿಸಿದ ಮೇಲೆ ಜೇನ್, ಅಕ್ಕ ಕಸ್ಸಾಂಡ್ರಾ ಮತ್ತು ತಾಯಿ ಸ್ವಂತ ನೆಲೆಯಿಲ್ಲದೆ ಅಲ್ಲಿ ಇಲ್ಲಿ ವಾಸಿಸಿದರು. 1809ರಲ್ಲಿ ಎಡ್ವರ್ಡ್ ಅವರಿಗೆ ಚಾಟನ್‌ನಲ್ಲಿ ಒಂದು ಪುಟ್ಟ ಮನೆಯನ್ನು ಕೊಟ್ಟನು. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ (1811), ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಅಚ್ಚಿಗೆ ಸಿದ್ಧವಾದದ್ದು ಅಲ್ಲಿಯೇ. ತಂದೆಯ ಮರಣಾನಂತರ ಮನೆ ಬಿಡಬೇಕಾದ ಸಹೋದರಿಯರ ಕಥೆಯೇ ಮೊದಲನೆಯ ಕಾದಂಬರಿಯ ವಸ್ತುವೆಂಬುದು ಆಕಸ್ಮಿಕವಲ್ಲ.

ಆ ಆಸರೆಯೂ ಭದ್ರವಾಗಿರಲಿಲ್ಲ. 1814ರಲ್ಲಿ ನೈಟ್ ಮನೆತನದ ಬೇರೊಂದು ಕವಲಿನವರು ಚಾಟನ್ ತಮ್ಮದೆಂದು ದಾವೆ ಹೂಡಿದರು. ಎಡ್ವರ್ಡ್ ಸೋತಿದ್ದರೆ ತಾಯಿ-ತಂಗಿಯರೂ ಬೀದಿಗೆ ಬರುವವರೇ. 1818ರಲ್ಲಿ 15,000 ಪೌಂಡುಗಳಿಗೆ ರಾಜಿಯಾಯಿತು. ಜೇನ್ ಹಿಂದಿನ ವರ್ಷವೇ ತೀರಿಕೊಂಡಿದ್ದಳು.

ಕಾನೂನು ಆಕೆಗೆ ಒಂದಡಿ ನೆಲವನ್ನೂ ಕೊಡಲಿಲ್ಲ. ಕೊಟ್ಟದ್ದು ಒಬ್ಬ ವಿಧವೆಯ ಔದಾರ್ಯ, ಒಬ್ಬ ಅಣ್ಣನ ಅಂತಃಕರಣ. ಅವೆರಡೂ ಇಲ್ಲದೆ ಬರೆಯದೆಯೇ ಹೋದ ಹೆಣ್ಣುಮಕ್ಕಳನ್ನು ಚರಿತ್ರೆ ಎಣಿಸಿಲ್ಲ. ಆ ಕಾದಂಬರಿಗಳನ್ನು ಮತ್ತೆ ಕೈಗೆತ್ತಿಕೊಂಡಾಗ ಅವರನ್ನೂ ನೆನೆಯಿರಿ.