ಆಂಟ್ರಿಕ್ಸ್–ದೇವಾಸ್ ಪ್ರಕರಣ

ಆಂಟ್ರಿಕ್ಸ್–ದೇವಾಸ್ ಪ್ರಕರಣವು ಬೆಂಗಳೂರಿನ ಎರಡು ಸಂಸ್ಥೆಗಳ ನಡುವೆ 2005ರಲ್ಲಿ ಏರ್ಪಟ್ಟ ಉಪಗ್ರಹ ಗುತ್ತಿಗೆ ಒಪ್ಪಂದ ಹಾಗೂ ಅದರ ರದ್ದತಿಯಿಂದ ಹುಟ್ಟಿದ ಕಾನೂನು ವಿವಾದವಾಗಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಕಾರ್ಪೊರೇಷನ್ ಮತ್ತು ಖಾಸಗಿ ಕಂಪನಿಯಾದ ದೇವಾಸ್ ಮಲ್ಟಿಮೀಡಿಯಾ ಇದರ ಪಕ್ಷಗಾರರು. ಈ ವಿವಾದವು ಭಾರತದ ನ್ಯಾಯಾಲಯಗಳಲ್ಲಿ ಮಾತ್ರವಲ್ಲದೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಗಳು ಹಾಗೂ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿಯೂ ವಿಚಾರಣೆಗೆ ಒಳಪಟ್ಟಿತು.

ಹಿನ್ನೆಲೆ

ಇಸ್ರೋದ ಉತ್ಪನ್ನಗಳು ಮತ್ತು ಸೇವೆಗಳನ್ನು ಮಾರುಕಟ್ಟೆಗೆ ಒದಗಿಸುವ ಉದ್ದೇಶದಿಂದ ಆಂಟ್ರಿಕ್ಸ್ ಸಂಸ್ಥೆಯನ್ನು 1992ರಲ್ಲಿ ಸ್ಥಾಪಿಸಲಾಯಿತು. ದೇವಾಸ್ ಕಂಪನಿಯು 2004ರ ಡಿಸೆಂಬರ್‌ನಲ್ಲಿ ನೋಂದಣಿಯಾಯಿತು. 2005ರ ಜನವರಿ 28ರಂದು ಎರಡೂ ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ಇಸ್ರೋ ಜಿಸ್ಯಾಟ್-6 ಮತ್ತು ಜಿಸ್ಯಾಟ್-6ಎ ಎಂಬ ಎರಡು ಉಪಗ್ರಹಗಳನ್ನು ನಿರ್ಮಿಸಿ ಉಡಾಯಿಸಬೇಕಿತ್ತು. ಅವುಗಳ ಎಸ್-ಬ್ಯಾಂಡ್ ಸಾಮರ್ಥ್ಯದ ಶೇ. 90 ಭಾಗವನ್ನು, ಅಂದರೆ 70 ಮೆಗಾಹರ್ಟ್ಸ್ ತರಂಗಾಂತರವನ್ನು, 12 ವರ್ಷಗಳ ಕಾಲ ದೇವಾಸ್‌ಗೆ ಗುತ್ತಿಗೆ ನೀಡಬೇಕಿತ್ತು. ಇದಕ್ಕೆ ಪ್ರತಿಯಾಗಿ ದೇವಾಸ್ ಸುಮಾರು 30 ಕೋಟಿ ಡಾಲರ್ ಪಾವತಿಸಬೇಕಿತ್ತು.

ಎಸ್-ಬ್ಯಾಂಡ್ ಸಂಕೇತಗಳನ್ನು ಚಿಕ್ಕ ಗಾತ್ರದ ಸಂಚಾರಿ ಸಾಧನಗಳೂ ಗ್ರಹಿಸಬಲ್ಲವು. ಮೊಬೈಲ್ ಉಪಕರಣಗಳಿಗೆ ಧ್ವನಿ, ದೃಶ್ಯ ಮತ್ತು ಮಾಹಿತಿ ಸೇವೆ ಒದಗಿಸುವುದು ದೇವಾಸ್‌ನ ಯೋಜನೆಯಾಗಿತ್ತು. ಇದೇ ತರಂಗಾಂತರವು ಸೇನಾ ಸಂಪರ್ಕಕ್ಕೂ ಅತ್ಯಗತ್ಯವಾದುದರಿಂದ ಅದರ ಹಂಚಿಕೆಯು ವಿವಾದದ ಕೇಂದ್ರಬಿಂದುವಾಯಿತು.

ಒಪ್ಪಂದದ ರದ್ದತಿ

2010ರ ಜುಲೈನಲ್ಲಿ ಬಾಹ್ಯಾಕಾಶ ಆಯೋಗವು ಒಪ್ಪಂದವನ್ನು ರದ್ದುಪಡಿಸುವಂತೆ ಶಿಫಾರಸು ಮಾಡಿತು. ಅಮೂಲ್ಯ ತರಂಗಾಂತರವನ್ನು ಹರಾಜಿಲ್ಲದೆ ಅಗ್ಗದ ದರಕ್ಕೆ ನೀಡಲಾಗಿದೆ ಎಂಬ ಆರೋಪವೂ ಸಾರ್ವಜನಿಕ ಚರ್ಚೆಗೆ ಬಂದಿತು. 2011ರ ಫೆಬ್ರವರಿ 17ರಂದು ಕೇಂದ್ರ ಸಚಿವ ಸಂಪುಟದ ಭದ್ರತಾ ಸಮಿತಿಯು, ರಕ್ಷಣೆ ಮತ್ತಿತರ ರಾಷ್ಟ್ರೀಯ ಅಗತ್ಯಗಳನ್ನು ಮುಂದಿಟ್ಟು, ಒಪ್ಪಂದ ರದ್ದತಿಗೆ ತೀರ್ಮಾನಿಸಿತು. ಅದೇ ತಿಂಗಳ 25ರಂದು ಆಂಟ್ರಿಕ್ಸ್ ರದ್ದತಿಯ ನೋಟಿಸ್ ನೀಡಿತು.

ಅಂತರರಾಷ್ಟ್ರೀಯ ಮಧ್ಯಸ್ಥಿಕೆ

ರದ್ದತಿಯ ವಿರುದ್ಧ ಮೂರು ಪ್ರತ್ಯೇಕ ಮಧ್ಯಸ್ಥಿಕೆ ವ್ಯಾಜ್ಯಗಳು ನಡೆದವು:

• ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಗಳಡಿ ರಚನೆಯಾದ ನ್ಯಾಯಮಂಡಳಿಯು 2015ರ ಸೆಪ್ಟೆಂಬರ್ 14ರಂದು ದೇವಾಸ್‌ಗೆ 56.25 ಕೋಟಿ ಡಾಲರ್ ಪರಿಹಾರವನ್ನು ಬಡ್ಡಿಸಹಿತ ನೀಡುವಂತೆ ಆಂಟ್ರಿಕ್ಸ್‌ಗೆ ಆದೇಶಿಸಿತು.
• ದೇವಾಸ್‌ನ ಮಾರಿಷಸ್ ಹೂಡಿಕೆದಾರರು ಭಾರತ–ಮಾರಿಷಸ್ ಹೂಡಿಕೆ ಒಪ್ಪಂದದಡಿ ದಾವೆ ಹೂಡಿದರು. 2016ರ ತೀರ್ಪು, ತರಂಗಾಂತರದ ಶೇ. 60 ಭಾಗವನ್ನು ಹಿಂಪಡೆದದ್ದು ದೇಶದ ಅಗತ್ಯ ಭದ್ರತೆಯ ವ್ಯಾಪ್ತಿಗೆ ಬರುತ್ತದೆಂದು ಒಪ್ಪಿತು; ಉಳಿದ ಶೇ. 40 ಭಾಗವನ್ನು ಆಸ್ತಿ ಸ್ವಾಧೀನವೆಂದು ಪರಿಗಣಿಸಿತು.
• ಜರ್ಮನಿಯ ಡಾಯ್ಚ ಟೆಲಿಕಾಂ ಕಂಪನಿಯು ಭಾರತ–ಜರ್ಮನಿ ಒಪ್ಪಂದದಡಿ ಹೂಡಿದ ವ್ಯಾಜ್ಯದಲ್ಲಿ, 2017ರ ಮಧ್ಯಂತರ ತೀರ್ಪು ಭದ್ರತೆಯ ವಾದವನ್ನು ತಳ್ಳಿಹಾಕಿತು.

ಹೀಗೆ ಒಂದೇ ಸರ್ಕಾರಿ ನಿರ್ಧಾರದ ಬಗ್ಗೆ ಎರಡು ಮಂಡಳಿಗಳು ಭಿನ್ನ ನಿಲುವು ತಳೆದದ್ದು ಅಂತರರಾಷ್ಟ್ರೀಯ ಹೂಡಿಕೆ ಕಾನೂನಿನ ಅಧ್ಯಯನದಲ್ಲಿ ಗಮನಾರ್ಹವೆನಿಸಿದೆ.

ಭಾರತದ ನ್ಯಾಯಾಲಯಗಳಲ್ಲಿ

ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು 2021ರ ಮೇ 25ರಂದು, ವಂಚನೆಯ ಆಧಾರದ ಮೇಲೆ ದೇವಾಸ್ ಕಂಪನಿಯನ್ನು ಮುಚ್ಚಲು ಆದೇಶಿಸಿತು. ಕಂಪನಿಗೆ ಬಂದ 579 ಕೋಟಿ ರೂಪಾಯಿ ವಿದೇಶಿ ಹೂಡಿಕೆಯ ಬಹುಪಾಲು ವಿದೇಶಕ್ಕೇ ಮರಳಿ ಸಾಗಿತೆಂದು ಸರ್ಕಾರಿ ಪಕ್ಷವು ವಾದಿಸಿತ್ತು. ಮೇಲ್ಮನವಿ ನ್ಯಾಯಮಂಡಳಿಯು ಆದೇಶವನ್ನು ಎತ್ತಿಹಿಡಿಯಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಕೂಡ ಅದನ್ನು ಖಾಯಂಗೊಳಿಸಿತು. ಇದರ ಬೆನ್ನಿಗೆ ಅದೇ ವರ್ಷದ ಆಗಸ್ಟ್ 29ರಂದು ದೆಹಲಿ ಹೈಕೋರ್ಟ್ 2015ರ ಮಧ್ಯಸ್ಥಿಕೆ ತೀರ್ಪನ್ನು ಅಸಿಂಧುಗೊಳಿಸಿತು.

ವಿದೇಶಿ ನ್ಯಾಯಾಲಯಗಳಲ್ಲಿ

ಹೂಡಿಕೆದಾರರು ಪರಿಹಾರದ ಹಣವನ್ನು ವಸೂಲು ಮಾಡಲು ಕೆನಡಾ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಭಾರತದ ಆಸ್ತಿಗಳ ಜಪ್ತಿಗೆ ಮುಂದಾದರು. ಅಮೆರಿಕದ ಜಿಲ್ಲಾ ನ್ಯಾಯಾಲಯವೊಂದು 2020ರಲ್ಲಿ ಬಡ್ಡಿ ಸೇರಿ ಸುಮಾರು 129 ಕೋಟಿ ಡಾಲರ್ ಪಾವತಿಗೆ ಆದೇಶಿಸಿತು. ಆಂಟ್ರಿಕ್ಸ್‌ಗೆ ಅಮೆರಿಕದೊಂದಿಗೆ ಸಾಕಷ್ಟು ಸಂಪರ್ಕವಿಲ್ಲವೆಂಬ ಕಾರಣಕ್ಕೆ ಮೇಲ್ಮನವಿ ನ್ಯಾಯಾಲಯವು 2023ರಲ್ಲಿ ಅದನ್ನು ರದ್ದುಪಡಿಸಿತು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್, ವಿದೇಶಿ ಸರ್ಕಾರಗಳ ವಿನಾಯಿತಿ ಕಾಯ್ದೆಯು ಅಂತಹ ಸಂಪರ್ಕದ ಪುರಾವೆಯನ್ನು ಬೇಡುವುದಿಲ್ಲವೆಂದು ಸರ್ವಾನುಮತದಿಂದ ತೀರ್ಪು ನೀಡಿ, ಉಳಿದ ಅಂಶಗಳ ವಿಚಾರಣೆಗಾಗಿ ಪ್ರಕರಣವನ್ನು ಹಿಂದಿರುಗಿಸಿತು.

ಉಪಗ್ರಹಗಳು

ಒಪ್ಪಂದವು ರದ್ದಾದರೂ ಉಪಗ್ರಹಗಳ ನಿರ್ಮಾಣ ಮುಂದುವರಿಯಿತು. 6 ಮೀಟರ್ ವ್ಯಾಸದ ಬಿಚ್ಚಿಕೊಳ್ಳುವ ಆಂಟೆನಾ ಹೊಂದಿದ ಜಿಸ್ಯಾಟ್-6 ಉಪಗ್ರಹವನ್ನು 2015ರ ಆಗಸ್ಟ್ 27ರಂದು ಶ್ರೀಹರಿಕೋಟದಿಂದ ಉಡಾಯಿಸಲಾಯಿತು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ, ಕಕ್ಷೆ ಎತ್ತರಿಸುವ ಹಂತದಲ್ಲಿ ಭೂಕೇಂದ್ರದ ಸಂಪರ್ಕ ಕಳೆದುಕೊಂಡಿತು.

ಮಹತ್ವ

1967ರ ಬಾಹ್ಯಾಕಾಶ ಒಪ್ಪಂದದ 6ನೆಯ ವಿಧಿಯ ಪ್ರಕಾರ, ಖಾಸಗಿ ಸಂಸ್ಥೆಗಳ ಬಾಹ್ಯಾಕಾಶ ಚಟುವಟಿಕೆಗೆ ಅನುಮತಿ ನೀಡುವ ಮತ್ತು ಅದರ ಮೇಲೆ ನಿಗಾ ಇಡುವ ಹೊಣೆ ಆಯಾ ರಾಷ್ಟ್ರದ್ದು. ದೇವಾಸ್ ಒಪ್ಪಂದದ ಕಾಲದಲ್ಲಿ ಉಪಗ್ರಹ ನಿರ್ಮಾಣ, ಗುತ್ತಿಗೆ ಹಾಗೂ ನಿಯಂತ್ರಣದ ಅಧಿಕಾರಗಳೆಲ್ಲ ಬಾಹ್ಯಾಕಾಶ ಇಲಾಖೆಯ ವ್ಯಾಪ್ತಿಯಲ್ಲೇ ಇದ್ದವು. ಮುಂದೆ ಈ ಪಾತ್ರಗಳನ್ನು ವಿಂಗಡಿಸಲಾಯಿತು. ವಾಣಿಜ್ಯ ವ್ಯವಹಾರಕ್ಕಾಗಿ 2019ರಲ್ಲಿ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಸ್ಥಾಪನೆಯಾಯಿತು. ಖಾಸಗಿ ಸಂಸ್ಥೆಗಳಿಗೆ ಅನುಮತಿ ನೀಡಲು ಇನ್‌-ಸ್ಪೇಸ್ ಕೇಂದ್ರವನ್ನು 2020ರಲ್ಲಿ ಘೋಷಿಸಲಾಯಿತು. 2023ರ ಭಾರತೀಯ ಬಾಹ್ಯಾಕಾಶ ನೀತಿಯು ಇವುಗಳ ಹೊಣೆಗಳನ್ನು ಸ್ಪಷ್ಟಪಡಿಸಿ, ಇಸ್ರೋವನ್ನು ಸಂಶೋಧನೆ ಮತ್ತು ಹೊಸ ತಂತ್ರಜ್ಞಾನದ ಕಡೆಗೆ ಕೇಂದ್ರೀಕರಿಸಿತು. ಆದರೆ ನೀತಿಯು ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲ. ಸರ್ಕಾರವು ಭದ್ರತೆಯ ಕಾರಣಕ್ಕೆ ಅನುಮತಿಯನ್ನು ಹಿಂಪಡೆದಾಗ ಹೂಡಿಕೆದಾರರ ಹಕ್ಕೇನು, ಸಾರ್ವಜನಿಕ ಬೊಕ್ಕಸದ ಹೊಣೆ ಎಷ್ಟು ಎಂಬ ಪ್ರಶ್ನೆಗಳನ್ನು ಈ ಪ್ರಕರಣವು ಎತ್ತಿ ತೋರಿಸಿದೆ.